ಗೆರೆಯ ಮೇಲೆ ಕೂತ ಪದ

ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ನಮ್ಮ ಭಾವನಿಗೆ ಮೇಲಿನವರಿಂದ ಸಿಕ್ಕಿದ್ದು ಒಂದೇ ಒಂದು ಪದ. ಅದೂ ಇಂಗ್ಲಿಷ್ ಪದ. ಅದರ ಅರ್ಥ ಅವರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲಾದರೂ ಸ್ವಲ್ಪ ಗಾಬರಿಪಡಬಹುದಿತ್ತು. ಅವರು ಹಿಗ್ಗಿದರು. ನಮ್ಮ ಮನೆಗೆ ತಟ್ಟಿದ ಅನಾಹುತಕ್ಕೆಲ್ಲ ಆ ಹಿಗ್ಗೇ ಕಾರಣ.

ಭಾವ ಮತ್ತು ನಾನು ಇಬ್ಬರೂ ಬಸ್ ಕಂಪನಿಯ 'ಕಳೆದ ವಸ್ತುಗಳ ವಿಭಾಗ'ದಲ್ಲಿ ಕೆಲಸ ಮಾಡುತ್ತೇವೆ. ಬಸ್ಸಿನಲ್ಲಿ ಜನ ಬಿಟ್ಟುಹೋದ ಕೊಡೆ, ಚೀಲ, ಕನ್ನಡಕ, ಒಂಟಿ ಚಪ್ಪಲಿ ಎಲ್ಲ ಇಲ್ಲಿಗೆ ಬರುತ್ತವೆ. ನಾನು ಹಿಂದೆ ಕೂತು ರಿಜಿಸ್ಟರ್ ಬರೆಯುವವನು. ಮುಂದೆ ಎರಡು ಕಿಟಕಿ. ಮೊದಲನೆಯದರಲ್ಲಿ ಭಾವ, ಎರಡನೆಯದರಲ್ಲಿ ಒಬ್ಬ ಮೇಡಂ. ನಿಯಮ ಇಬ್ಬರಿಗೂ ಒಂದೇ: ವಸ್ತು ಕೇಳಲು ಬಂದವರು ಅದರ ಮೂರು ಗುರುತು ಹೇಳಬೇಕು. ಮೊದಲನೆಯದು ಬಣ್ಣ, ಎರಡನೆಯದು ಅಳತೆ, ಮೂರನೆಯದು ಮಾಲೀಕನಿಗೆ ಮಾತ್ರ ಗೊತ್ತಿರುವಂಥದ್ದು. ಮೇಡಂ ಬಂದವರ ಮುಖ ನೋಡುತ್ತಾರೆ, ವಸ್ತು ನೋಡುತ್ತಾರೆ, "ನಿಮ್ದೇ ಅಲ್ವಾ? ತಗೊಳ್ಳಿ" ಎನ್ನುತ್ತಾರೆ. ಮೂರು ಗುರುತನ್ನೂ ಆಮೇಲೆ ತಾವೇ ತುಂಬಿಕೊಳ್ಳುತ್ತಾರೆ. ಭಾವ ಹಾಗಲ್ಲ. ಅವರು ಮೂರನೇ ಗುರುತನ್ನು ನಿಜವಾಗಿಯೂ ಕೇಳುತ್ತಾರೆ.

"ಕಪ್ಪು ಕೊಡೆ ಸಾರ್, ಉದ್ದ ಹಿಡಿ."

"ಸರಿ. ಮೂರನೇ ಗುರುತು?"

"ಕೊಡೆಗೆ ಇನ್ನೇನು ಗುರುತು ಇರತ್ತೆ ಸಾರ್?"

"ನಿಮ್ಮ ಕೊಡೆ ಆಗಿದ್ರೆ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲ ಅಂದ್ರೆ ಅದು ನಿಮ್ಮ ಕೊಡೆ ಅಲ್ಲ. ಮುಂದಿನೋರು ಬನ್ನಿ."

ಹೀಗಾಗಿ ಇಡೀ ಕಟ್ಟಡದಲ್ಲಿ ಅವರ ಹೆಸರೇ 'ಮೂರನೇ ಗುರುತು' ಎಂದಾಯಿತು. ಅವರ ಕಿಟಕಿಯ ಹಿಂದಿನ ಕಪಾಟುಗಳು ಸೂರಿನವರೆಗೆ ತುಂಬಿದ್ದವು. ಮೇಡಂ ಕಪಾಟಿನಲ್ಲಿ ಬೆಕ್ಕು ಮಲಗುವಷ್ಟು ಜಾಗವಿರುತ್ತಿತ್ತು. ಭಾವ ಇದನ್ನು ತಮ್ಮ ಸಾಧನೆ ಎಂದು ತಿಳಿದಿದ್ದರು. "ನೋಡೋ, ಒಂದು ವಸ್ತುನೂ ತಪ್ಪು ಕೈ ಸೇರಿಲ್ಲ" ಎನ್ನುತ್ತಿದ್ದರು. ಸರಿಯಾದ ಕೈಯನ್ನೂ ಸೇರಿಲ್ಲ ಎಂದು ನಾನು ಹೇಳಲಿಲ್ಲ. ಅವರು ಅಕ್ಕನ ಗಂಡ. ಈ ಕೆಲಸ ಕೊಡಿಸಿದವರೂ ಅವರೇ.

ಆ ವರ್ಷ ಹೊಸ ನಿರ್ದೇಶಕರು ಬಂದರು. ಐವತ್ತೆಂಟರ ವಯಸ್ಸು, ಕಾಡಿಗೆಯಂಥ ಕಪ್ಪು ಕೂದಲು. ಒಂದು ದಿನ ನಮ್ಮ ವಿಭಾಗದ ತಪಾಸಣೆಗೆ ಬಂದು, ಮೂಗು ಮುಚ್ಚಿಕೊಂಡು ಕಪಾಟುಗಳ ನಡುವೆ ಒಂದು ಸುತ್ತು ಹಾಕಿ, ಭೇಟಿ ಪುಸ್ತಕದಲ್ಲಿ ಸಹಿ ಮಾಡಿ ಹೊರಟರು. ಭಾವ ಪುಸ್ತಕ ನೋಡಿದರು. ಸಹಿ ಇತ್ತು, 'ಹೊರಟ ಸಮಯ' ಎಂಬ ಅಂಕಣ ಖಾಲಿ.

ಮುಂದೆ ನಡೆದದ್ದನ್ನು ಕಂಡವರು ಅನೇಕರಿದ್ದಾರೆ. ಭಾವ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದುಕೊಂಡು ಹಿಂದೆ ಹೊರಟರು. ಹಜಾರದಲ್ಲಿ "ಸಾರ್, ಸಮಯ" ಎಂದರು. ಮೆಟ್ಟಿಲ ಮೇಲೆ "ಸಾರ್, ಸಮಯ" ಎಂದರು. ನಿರ್ದೇಶಕರು ಶೌಚಾಲಯದೊಳಗೆ ಹೋದರು. ಭಾವ ಬಾಗಿಲ ಹೊರಗೆ ನಿಂತು ಒಳಗೆ ಕೇಳುವಂತೆ ಅದನ್ನೇ ಎಂದರು. ನಿರ್ದೇಶಕರು ಲೆಕ್ಕಪತ್ರ ವಿಭಾಗದಲ್ಲಿ ಮುಕ್ಕಾಲು ಗಂಟೆ ಸಭೆ ಮಾಡಿದರು. ಭಾವ ಗಾಜಿನ ಬಾಗಿಲಿಗೆ ಪುಸ್ತಕವನ್ನು ತೆರೆದು ಒತ್ತಿ ಹಿಡಿದು ನಿಂತರು. ಕೊನೆಗೆ ಕಾರಿನ ಬಾಗಿಲು ಮುಚ್ಚಲು ಹೋದಾಗ ಅದು ಮುಚ್ಚಲಿಲ್ಲ. ನಡುವೆ ಪುಸ್ತಕವಿತ್ತು.

ನಿರ್ದೇಶಕರು ಕೆಳಗಿಳಿದರು. ಸಮಯ ಬರೆದರು. ಆಮೇಲೆ ಬಹಳ ಮೆಲ್ಲಗೆ, "ಇವರ ಸೇವಾ ಪುಸ್ತಕ ತನ್ನಿ" ಎಂದರು. ಸಿಬ್ಬಂದಿ ವಿಭಾಗದ ಗುಮಾಸ್ತ ಓಡಿಬಂದು ಕೊಟ್ಟ. ಕಾರಿನ ಮೇಲೆಯೇ ಅದನ್ನು ಇಟ್ಟುಕೊಂಡು ನಿರ್ದೇಶಕರು ಒಂದು ಪದ ಗೀಚಿ, ಪೆನ್ನನ್ನು ಅಲ್ಲೇ ಎಸೆದು ಹೋದರು.

ಪದ: ರಿಲೆಂಟ್‌ಲೆಸ್.

ಸೇವಾ ಪುಸ್ತಕದಲ್ಲಿ ಎರಡೇ ಅಂಕಣ. ಎಡಕ್ಕೆ 'ಮೆಚ್ಚುಗೆ', ಬಲಕ್ಕೆ 'ವಾಗ್ದಂಡನೆ'. ಮನುಷ್ಯನ ಬಗ್ಗೆ ಕಂಪನಿಗೆ ಮೂರನೆಯ ಅಭಿಪ್ರಾಯವಿಲ್ಲ. ನಿರ್ದೇಶಕರು ಕೋಪದಲ್ಲಿ ಗೆರೆ ನೋಡದೆ ಬರೆದಿದ್ದರು. ಪದದ ತಲೆ ಮೆಚ್ಚುಗೆಯಲ್ಲಿತ್ತು, ಬಾಲ ವಾಗ್ದಂಡನೆಯಲ್ಲಿತ್ತು, ಹೊಟ್ಟೆ ಗೆರೆಯ ಮೇಲೆ.

"ಇದನ್ನ ಯಾವ ಕಡೆ ಎಣಿಸಲಿ?" ಎಂದು ಗುಮಾಸ್ತ ತಲೆ ಕೆರೆದುಕೊಂಡ.

ಬೇರೆ ದಿನಗಳಲ್ಲಾಗಿದ್ದರೆ ಯಾವ ಕಡೆ ಎಣಿಸಿದರೂ ನಡೆಯುತ್ತಿತ್ತು. ಆದರೆ ತಿಂಗಳ ಕೊನೆಯ ದಿನ ಸಂಜೆ ಐದಕ್ಕೆ ನಮ್ಮ ವಿಭಾಗದ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ಪಟ್ಟಿಯಲ್ಲಿ ಎರಡೇ ಹೆಸರು: ಭಾವ ಮತ್ತು ಎರಡನೇ ಕಿಟಕಿಯ ಮೇಡಂ. ಹಿರಿತನದಲ್ಲಿ ಭಾವ ಎಂಟು ದಿನ ಮುಂದು. ಮೆಚ್ಚುಗೆಯಾದರೆ ಭಾವನಿಗೆ ಬಡ್ತಿ; ವಾಗ್ದಂಡನೆಯಾದರೆ ಮೇಡಂಗೆ.

ಮುಖ್ಯಸ್ಥರ ಹುದ್ದೆಯ ಜೊತೆ ಕಂಪನಿಯ ಮನೆಯೂ ಬರುತ್ತಿತ್ತು. ಎರಡು ಕೋಣೆ, ಪ್ರತ್ಯೇಕ ಅಡುಗೆಮನೆ, ಅಡುಗೆಮನೆಗೊಂದು ಕಿಟಕಿ. ಅಕ್ಕ ಹದಿನಾರು ವರ್ಷದಿಂದ ನಮ್ಮ ವಠಾರದ ನಡುಹಾದಿಯಲ್ಲಿ ಸ್ಟವ್ ಇಟ್ಟುಕೊಂಡು ಅಡುಗೆ ಮಾಡುತ್ತಿದ್ದಳು. ಮಹಡಿಗೆ ಹೋಗುವವರೆಲ್ಲ ಅವಳ ಪಾತ್ರೆ ದಾಟಿಕೊಂಡೇ ಹೋಗಬೇಕು, ಹೋಗುವಾಗ ಒಳಗೆ ಇಣುಕಿ "ಏನು, ಇವತ್ತೂ ಇದೇನಾ?" ಎಂದು ಕೇಳದೆ ಹೋಗುತ್ತಿರಲಿಲ್ಲ. ಅಕ್ಕ ಒಮ್ಮೆ ಹೋಗಿ ಆ ಮನೆಯ ಕಿಟಕಿಯನ್ನು ಹೊರಗಿನಿಂದ ನೋಡಿ ಬಂದಿದ್ದಳು. ಮತ್ತೆ ಅದರ ಮಾತೆತ್ತಿರಲಿಲ್ಲ. ಪರದೆ ಬಟ್ಟೆ ಮಾತ್ರ ತಂದಿಟ್ಟುಕೊಂಡಿದ್ದಳು.

"ಅರ್ಥ ತಿಳಿದೋರ ಹತ್ರ ಬರೆಸ್ಕೊಂಡು ಬನ್ನಿ. ಹೊಗಳಿಕೆ ಅಂತ ಬರ್ಕೊಟ್ರೆ ಎಡಕ್ಕೆ, ಬೈಗುಳ ಅಂತ ಬರ್ಕೊಟ್ರೆ ಬಲಕ್ಕೆ. ನಂದೇನಿಲ್ಲ" ಎಂದ ಗುಮಾಸ್ತ.

ನಮ್ಮ ವಠಾರದ ಕೆಳಮನೆಯಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರಿದ್ದರು. ಅವರ ನಿಘಂಟು ಎಷ್ಟು ದಪ್ಪವೆಂದರೆ ಅದರ ಮೇಲೆ ಕೂತು ಅವರು ಶೂ ಹಾಕಿಕೊಳ್ಳುತ್ತಿದ್ದರು. ಆ ಸಂಜೆ ಅದನ್ನು ಒರೆಸಿ ತೆರೆದರು.

"ಒಳ್ಳೇ ಪದ ತಂದಿದೀರಿ" ಎಂದರು. "ಇದರ ಬೇರು ಲ್ಯಾಟಿನ್ ಭಾಷೇಲಿದೆ. 'ಲೆಂಟಸ್' ಅಂತ. ಅಂದ್ರೆ ಮೆದು, ಬಳುಕೋದು, ಸ್ವಲ್ಪ ಅಂಟಂಟು, ಸ್ವಲ್ಪ ನಿಧಾನ."

"ನಿಧಾನ ಅನ್ನೋದನ್ನ ಬರೀಬೇಡಿ ಮೇಷ್ಟ್ರೇ" ಎಂದರು ಭಾವ.

"ಕೇಳಿ ಸ್ವಾಮಿ, ಮುಗೀಲಿಲ್ಲ. ಅದರಿಂದ 'ರಿಲೆಂಟ್' ಬಂತು. ಕರಗೋದು. ಮೊದಮೊದಲು ಮೇಣ ಕರಗೋದಕ್ಕೆ, ಲೋಹ ಕರಗೋದಕ್ಕೆ ಹಾಗಂತಿದ್ರು. ಆಮೇಲೆ ಮನಸ್ಸು ಕರಗೋದಕ್ಕೂ ಅದೇ ಪದ ಹಚ್ಚಿದ್ರು. ಕೊನೆಗೆ ಯಾರೋ ಪುಣ್ಯಾತ್ಮ ಬಾಲಕ್ಕೆ 'ಲೆಸ್' ಅಂಟಿಸಿದ. ಇಲ್ಲದ್ದು ಅಂತ. ಒಟ್ಟಿನಲ್ಲಿ, ಕರಗೋದು ಅನ್ನೋದೇ ಇಲ್ಲದೋನು. ಯಾರು ಏನು ಬೇಡಿಕೊಂಡ್ರೂ ಬಿಡದೋನು."

ಭಾವನ ಬೆನ್ನು ನೆಟ್ಟಗಾಯಿತು. ಹತ್ತೊಂಬತ್ತು ವರ್ಷ ತಾವೇನೆಂದು ಗೊತ್ತಿಲ್ಲದೆ ಬದುಕಿದ್ದ ಮನುಷ್ಯನಿಗೆ ಕಡೆಗೂ ಯಾರೋ ಹೆಸರಿಟ್ಟಂತೆ ಮುಖ ಬೆಳಗಿತು.

"ಉದಾಹರಣೆ ಕೊಟ್ಟಿದಾರಾ?"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಕೊಟ್ಟಿದಾರೆ. ಬಿಡದೆ ಹೊಡೆಯೋ ಮಳೆ. ಬಿಡದೆ ಕಾಡೋ ಹಲ್ಲುನೋವು. ಬಿಡದೆ ಬೆನ್ನಟ್ಟೋ ಶತ್ರು."

"ಒಳ್ಳೇದೇನೂ ಇಲ್ವಾ?" ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ.

"ಈಚೆಗೆ ಕೆಲಸಗಾರರನ್ನ ಹೊಗಳೋಕೂ ಬಳಸ್ತಾರಮ್ಮ. ಛಲ ಬಿಡದೋನು ಅಂತ. ಯಾವುದಕ್ಕೆ ಕರಗಲಿಲ್ಲ ಅನ್ನೋದರ ಮೇಲೆ ಹೋಗತ್ತೆ. ಲಂಚಕ್ಕೆ ಕರಗದೋನು ದೊಡ್ಡೋನು. ಹಸಿದೋರಿಗೆ ಕರಗದೋನು ಕಟುಕ."

"ಛಲ ಬಿಡದೋನು!" ಎಂದರು ಭಾವ. ಉಳಿದದ್ದು ಅವರ ಕಿವಿಯ ಹೊರಗೇ ಉಳಿಯಿತು.

ಮೇಷ್ಟ್ರು ಪ್ರಾಮಾಣಿಕರು. "ಪದದ ಅರ್ಥ: ಕರಗದ. ಗುಣವೋ ದೋಷವೋ ಸಂದರ್ಭವನ್ನು ಅವಲಂಬಿಸಿದೆ" ಎಂದು ಬರೆದು ಸಹಿ ಹಾಕಿಕೊಟ್ಟರು. ಗುಮಾಸ್ತ ಅದನ್ನು ಎರಡು ಸಲ ಓದಿ ಹಿಂದಿರುಗಿಸಿದ.

"ಅವಲಂಬಿಸಿದೆ ಅನ್ನೋ ಅಂಕಣ ನಮ್ಮಲ್ಲಿಲ್ಲ. ನಿರ್ದೇಶಕರಿಗೇ ಬರೆದು ಕೇಳ್ತೀನಿ. ಅಲ್ಲೀವರೆಗೆ ನೀವು ಹಾಗೇ ಇರಿ."

'ಹಾಗೇ ಇರಿ' ಎಂದರೆ ಸುಮ್ಮನಿರಿ ಎಂದು ಯಾರಿಗಾದರೂ ಅರ್ಥವಾಗುತ್ತದೆ. ಭಾವನಿಗೆ ಆದ ಅರ್ಥ ಬೇರೆ. "ಕಂಪನಿಯೋರು ನನ್ನ ಗಮನಿಸ್ತಿದಾರೆ ಕಣೋ" ಎಂದು ನನ್ನ ಕಿವಿಯಲ್ಲಿ ಹೇಳಿದರು. "ಪದಕ್ಕೆ ತಕ್ಕ ಹಾಗೆ ಇದೀನಾ ಅಂತ ಪರೀಕ್ಷೆ ಮಾಡ್ತಾರೆ. ಎಲ್ಲಿ, ಯಾವಾಗ, ಯಾರ ಮೂಲಕ ಅಂತ ಹೇಳಕ್ಕಾಗಲ್ಲ. ಇನ್ಮೇಲೆ ನಾನು ಯಾವುದಕ್ಕೂ ಕರಗಕೂಡದು."

ಅವತ್ತಿನಿಂದ ಭಾವ ಕರಗುವುದನ್ನು ನಿಲ್ಲಿಸಿದರು. ಮೊದಲು ಎಷ್ಟು ಕರಗುತ್ತಿದ್ದರು ಎಂದು ಕೇಳಬಾರದು.

ಮೊದಲ ಪ್ರಯೋಗ ವಠಾರಕ್ಕೆ ಒಳ್ಳೆಯದನ್ನೇ ಮಾಡಿತು ಎಂದು ಒಪ್ಪಿಕೊಳ್ಳಬೇಕು. ನಮ್ಮ ನೀರಿನ ಪಂಪು ಏಳು ತಿಂಗಳಿಂದ ಕೆಟ್ಟಿತ್ತು. ರಿಪೇರಿಯವನು "ನಾಳೆ ಬರ್ತೀನಿ" ಎನ್ನುತ್ತಲೇ ಇದ್ದ. ಭಾವ ಅವನ ಹಿಂದೆ ಬಿದ್ದರು. ಅವನ ಅಂಗಡಿ ಮುಂದೆ ನಿಂತರು. ಅವನು ಕ್ಷೌರಕ್ಕೆ ಕೂತಾಗ ಕನ್ನಡಿಯಲ್ಲಿ ಕಂಡರು. ಅವನ ಅತ್ತೆಮನೆಯಲ್ಲಿ ಅವನಿಗಿಂತ ಮೊದಲು ಹೋಗಿ ಕುರ್ಚಿಯಲ್ಲಿ ಕೂತಿದ್ದರು. ಐದನೆಯ ದಿನ ಅವನು ಬಂದು, ಯಾರ ಮುಖವನ್ನೂ ನೋಡದೆ ಪಂಪು ಸರಿಮಾಡಿ, "ಈ ಮನುಷ್ಯನ್ನ ಕಟ್ಟಿಹಾಕ್ಕೊಳ್ಳಿ" ಎಂದು ಹೇಳಿ ಹೋದ. ವಠಾರದ ಜನ ಭಾವನನ್ನು ಹುಲಿ ಎಂದರು.

ಮಾರನೆಯ ದಿನ ಹುಲಿ ವಠಾರದೊಳಗೇ ಬೇಟೆ ಶುರುಮಾಡಿತು. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟವರು ಯಾರು? ತಂತಿಯಲ್ಲಿ ತಮ್ಮ ಪಾಲಿಗಿಂತ ಗೇಣುದ್ದ ಹೆಚ್ಚು ಬಟ್ಟೆ ಒಣಹಾಕಿದವರು ಯಾರು? ಮೂರನೇ ಮನೆಯ ಟೈಲರ್ ಒಂದು ಚಪ್ಪಲಿಯ ವಿಚಾರವಾಗಿ ಹನ್ನೊಂದು ಸಲ ಬಾಗಿಲು ತೆಗೆದು, ಹನ್ನೆರಡನೆಯ ಸಲ ಕೈಮುಗಿದ.

"ಸ್ವಾಮಿ, ಆ ಚಪ್ಪಲಿ ನಂದಲ್ಲ. ಆದ್ರೂ ನಂದೇ ಅಂತ ಒಪ್ಕೋತೀನಿ. ನನ್ನ ಬಿಟ್ಬಿಡಿ."

"ನಿಮ್ದೇ ಅಂದ್ರೆ ಮೂರು ಗುರುತು ಹೇಳಿ" ಎಂದರು ಭಾವ.

ಆ ವಾರವೇ ನಮ್ಮ ಅಮ್ಮ, ಅಂದರೆ ಭಾವನ ಅತ್ತೆ, ಮಗಳನ್ನು ನೋಡಲು ಬಂದಳು. ಅಕ್ಕ ಅಂಗಡಿಗೆ ಹೋಗಿದ್ದಳು. ಭಾವ ಒಳಗಿಂದ ಬಾಗಿಲು ಹಾಕಿಕೊಂಡಿದ್ದರು.

"ಯಾರು?"

"ನಾನು ಕಣಪ್ಪಾ. ಬಾಗಿಲು ತೆಗಿ, ಕಾಲು ಸೋತಿದೆ."

"ನಾನು ಅನ್ನೋರು ಲೋಕದ ತುಂಬ ಇದಾರೆ. ಗುರುತು ಹೇಳಿ."

ಅಮ್ಮನ ದನಿ ಇಡೀ ವಠಾರಕ್ಕೆ ಕೇಳಿಸಿತು.

"ಒಂದನೇ ಗುರುತು, ನಿನ್ನ ಹೆಂಡತಿನ ಹೆತ್ತೋಳು. ಎರಡನೇ ಗುರುತು, ಅವಳನ್ನ ನಿನಗೆ ಕೊಟ್ಟ ಬುದ್ಧಿಗೇಡಿ. ಮೂರನೇದನ್ನ ಬಾಗಿಲು ತೆಗೆದ ಮೇಲೆ ನಿನ್ನ ಕೆನ್ನೆ ಮೇಲೆ ತೋರಿಸ್ತೀನಿ, ಬಾ."

ಭಾವ ಬಾಗಿಲು ತೆಗೆಯಲಿಲ್ಲ. ಅದು ಕರಗದ ಗುಣವಲ್ಲ, ಬರೀ ಹೆದರಿಕೆ. ಅಮ್ಮ ಅಕ್ಕ ಬರುವ ತನಕ ಟೈಲರ್ ಮನೆಯಲ್ಲಿ ಕೂತಿದ್ದಳು. ಇಬ್ಬರಿಗೂ ಮಾತಾಡಲು ಬೇಕಾದಷ್ಟಿತ್ತು.

ಕಚೇರಿಯಲ್ಲಿ ಇನ್ನೂ ಕಷ್ಟವಾಯಿತು. ಒಬ್ಬ ಮುದುಕರು ಬಸ್ಸಿನಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟು ಬಿಟ್ಟಿದ್ದರು. ಅದು ಭಾವನ ಮೇಜಿನ ಮೇಲೆ, ಗಾಜಿನ ಲೋಟದಲ್ಲಿ, ನಮ್ಮೆಲ್ಲರನ್ನೂ ನೋಡಿ ನಗುತ್ತಿತ್ತು. ಮುದುಕರು ಬಂದು ಬೆರಳು ತೋರಿಸಿ, ಬೊಚ್ಚು ಬಾಯಲ್ಲಿ ಗಾಳಿಯನ್ನೇ ಹೆಚ್ಚಾಗಿ ಬಿಟ್ಟು ಏನೋ ಹೇಳಿದರು.

"ಮೂರನೇ ಗುರುತು ಸ್ಪಷ್ಟವಾಗಿ ಹೇಳಿ" ಎಂದರು ಭಾವ.

ಮುದುಕರು ಮತ್ತೆ ಗಾಳಿ ಬಿಟ್ಟರು. ಬಾಯಿ ತೆರೆದು ತೋರಿಸಿದರು. ಲೋಟ ತೋರಿಸಿದರು. ಮತ್ತೆ ಬಾಯಿ ತೋರಿಸಿದರು.

"ಹಾಕ್ಕೊಂಡು ನೋಡೋಕೆ ನಿಯಮದಲ್ಲಿ ಅವಕಾಶ ಇಲ್ಲ. ಬಾಯಲ್ಲಿ ಹೇಳಬೇಕು."

"ಹಲ್ಲಿಲ್ಲದೆ ಹೇಗ್ರೀ ಹೇಳ್ತಾರೆ?" ಎಂದ ಸಾಲಿನಲ್ಲಿದ್ದ ಒಬ್ಬ.

"ಅದು ಅವರ ಸಮಸ್ಯೆ. ಹಲ್ಲು ಸಿಕ್ಕ ಮೇಲೆ ಬಂದು ಹೇಳಲಿ."

ಸಾಲು ಗೊಳ್ಳೆಂದಿತು. ಭಾವ ಅದನ್ನು ಚಪ್ಪಾಳೆ ಎಂದುಕೊಂಡರು. ಮುದುಕರ ಕಣ್ಣಲ್ಲಿ ನೀರು ಬಂತು. ಭಾವ ಓರೆಗಣ್ಣಿಂದ ನನ್ನ ಕಡೆ ನೋಡಿ, 'ಕಂಡೆಯಾ, ಇದೇ ಪರೀಕ್ಷೆ' ಎಂಬಂತೆ ಹುಬ್ಬು ಹಾರಿಸಿದರು. ಆಗ ಎರಡನೇ ಕಿಟಕಿಯ ಮೇಡಂ ಎದ್ದು ಬಂದರು. ಲೋಟವನ್ನು ಎತ್ತಿಕೊಂಡು ಹೋಗಿ ಮುದುಕರ ಕೈಗೆ ಕೊಟ್ಟರು. ಮುದುಕರು ಹಲ್ಲು ಹಾಕಿಕೊಂಡು, ಕಟಕಟ ಎರಡು ಸಲ ಕಡಿದು ನೋಡಿಕೊಂಡು, ಭಾವನ ಕಿಟಕಿಗೆ ಬಂದು, ಒಂದಕ್ಷರವೂ ಜಾರದಂತೆ, ನಾನು ಇಲ್ಲಿ ಬರೆಯಲಾಗದ ಒಂದು ವಾಕ್ಯ ಹೇಳಿ ಹೋದರು.

ಅಷ್ಟರಲ್ಲಿ ನಿರ್ದೇಶಕರಿಗೆ ಗುಮಾಸ್ತನ ಮೂರನೆಯ ಪತ್ರ ಹೋಗಿತ್ತು: 'ತಾವು ಬರೆದ ಪದವು ಮೆಚ್ಚುಗೆಯೋ ವಾಗ್ದಂಡನೆಯೋ ದಯಮಾಡಿ ತಿಳಿಸುವುದು.' ನಿರ್ದೇಶಕರಿಗೆ ಯಾವ ಪದ, ಯಾರ ಮೇಲೆ ಬರೆದದ್ದು ಎಂಬುದೇ ಮರೆತುಹೋಗಿತ್ತು. ಫೋನಿನಲ್ಲಿ ಅವರು ಹೇಳಿದ್ದನ್ನು ಗುಮಾಸ್ತ ನಮಗೆಲ್ಲ ನಟಿಸಿ ತೋರಿಸಿದ: "ಬೈಯೋಕೆ ನಾನು ಇಂಗ್ಲಿಷ್ ಯಾಕ್ರೀ ಹುಡುಕಲಿ? ಹೊಗಳಿಕೆ ಅಂತ ಬರ್ಕೊಳ್ಳಿ. ಆದೇಶ ಟೈಪ್ ಮಾಡಿಸಿ, ಸಹಿ ಹಾಕಿ ನಾನೇ ತಂದುಕೊಡ್ತೀನಿ."

ಗೆದ್ದಿತು ನಮ್ಮ ಮನೆ. ಅಕ್ಕ ಪಾತ್ರೆಗಳನ್ನೆಲ್ಲ ತೊಳೆದು, ಹಳೆ ಸೀರೆಯಲ್ಲಿ ಗಂಟು ಕಟ್ಟಿದಳು. ಸ್ಟವ್ ಒಂದನ್ನು ಬಿಟ್ಟು ನಡುಹಾದಿ ಖಾಲಿಯಾಯಿತು. ಹದಿನಾರು ವರ್ಷದಲ್ಲಿ ಮೊದಲ ಸಲ ಮಹಡಿಯವರು ನೇರವಾಗಿ ನಡೆದುಹೋದರು. ಹೋಗುವಾಗ "ಅದೃಷ್ಟವಂತೆ ಕಣಮ್ಮ" ಎಂದರು.

ತಿಂಗಳ ಕೊನೆಯ ದಿನ. ಬೀಳ್ಕೊಡುಗೆಗೆ ಮನೆಯವರೂ ಬರಬಹುದು ಎಂದಿದ್ದರಿಂದ ಅಕ್ಕ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದು, ಗೋಡೆಯ ಬದಿಯ ಬೆಂಚಿನಲ್ಲಿ ಕೂತಿದ್ದಳು. ಐದಕ್ಕೆ ಗಂಟೆ ಬಾರಿಸುವ ಮೊದಲು ಆದೇಶ ಮುಖ್ಯಸ್ಥರ ಕೈ ಸೇರಬೇಕು. ಅವರು ಅದರಲ್ಲಿರುವ ಹೆಸರಿನವರಿಗೆ ಬೀಗದ ಕೈ ಒಪ್ಪಿಸಬೇಕು. ಆದೇಶ ಬರದಿದ್ದರೆ? ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ನಿಯಮ ಪುಸ್ತಕ ಕೇಳಿತ್ತು: ಆಗ ಸೇವಾ ಪುಸ್ತಕದಲ್ಲಿ ಗೊಂದಲವಿಲ್ಲದ ಹಿರಿಯರಿಗೆ ಬೀಗದ ಕೈ.

ಮೂರು ಗಂಟೆಗೆ ಒಬ್ಬ ಕಂಡಕ್ಟರ್ ಬಂದು, ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಕಂದು ಬಣ್ಣದ ಚರ್ಮದ ಬ್ಯಾಗೊಂದನ್ನು ಭಾವನ ಕಿಟಕಿಯಲ್ಲಿ ಒಪ್ಪಿಸಿ ಹೋದ. ಭಾವ ನಿಯಮದಂತೆ ಅದನ್ನು ತೆರೆದು, ಒಳಗಿದ್ದುದನ್ನು ತಾವೊಬ್ಬರೇ ನೋಡಿ, ಪಟ್ಟಿ ಮಾಡಿ, ಪಟ್ಟಿಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿದರು.

ನಾಲ್ಕು ನಲವತ್ತಕ್ಕೆ ನಿರ್ದೇಶಕರು ಓಡುತ್ತ ಬಂದರು. ತಿಂಗಳಿಗೊಮ್ಮೆ ಸಾಮಾನ್ಯರಂತೆ ಬಸ್ಸಿನಲ್ಲಿ ಬರಬೇಕು ಎಂದು ಅವರೇ ಮಾಡಿದ್ದ ನಿಯಮದ ಪ್ರಕಾರ ಅವತ್ತು ಬಸ್ಸಿನಲ್ಲಿ ಬಂದಿದ್ದರು. ತಮ್ಮ ಬ್ಯಾಗನ್ನು ತಾವೇ ಹೊತ್ತು ಅಭ್ಯಾಸವಿರಲಿಲ್ಲ. ಸೀಟಿನಲ್ಲೇ ಬಿಟ್ಟು ಇಳಿದಿದ್ದರು.

"ಅಬ್ಬ, ಇಲ್ಲೇ ಇದೆ!" ಎಂದು ಕಿಟಕಿಯೊಳಗೆ ಕೈ ಚಾಚಿದರು.

ಭಾವ ಬ್ಯಾಗನ್ನು ಹಿಂದಕ್ಕೆಳೆದುಕೊಂಡರು. "ನಮಸ್ಕಾರ ಸಾರ್. ಬಣ್ಣ?"

"ನಾನು ಕಣ್ರೀ. ನಿರ್ದೇಶಕ."

"ಗೊತ್ತು ಸಾರ್. ಬಣ್ಣ?"

ನಿರ್ದೇಶಕರು ನಕ್ಕರು. ಎಲ್ಲರೂ ನಕ್ಕರು. "ಶಿಸ್ತಿನ ಮನುಷ್ಯ. ಕಂದು. ಮೊಳದುದ್ದ. ಸಾಕಾ?"

"ಮೂರನೇ ಗುರುತು?"

"ಒಳಗೆ ಒಂದು ಆದೇಶ ಇದೆ. ನಿಮ್ಮ ಬಡ್ತಿ ಆದೇಶ."

"ಅದು ಕಟ್ಟಡಕ್ಕೆಲ್ಲ ಗೊತ್ತು ಸಾರ್. ಟೀ ತರೋನಿಗೂ ಗೊತ್ತು. ಯಾರು ಬೇಕಾದ್ರೂ ಹೇಳಬಹುದಾದ್ದು ಗುರುತಾಗಲ್ಲ. ಮಾಲೀಕರಿಗೆ ಮಾತ್ರ ಗೊತ್ತಿರೋದು ಹೇಳಬೇಕು."

ನಾನು ಹಿಂದಿನಿಂದ ಅವರ ಅಂಗಿ ಜಗ್ಗಿದೆ. "ಭಾವ, ಕೊಟ್ಬಿಡಿ."

ಅವರು ತಿರುಗಿ ಪಿಸುಗುಟ್ಟಿದರು. "ಥೂ, ಪೆದ್ದ. ಇದೇ ಕಣೋ ಕೊನೇ ಪರೀಕ್ಷೆ! ಬೇಕಂತಲೇ ಬ್ಯಾಗ್ ಬಿಟ್ಟಿದಾರೆ. ಇಷ್ಟು ದಿನ ಕಾದು ಈಗ ಕರಗ್ತೀನಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಒಪ್ಪಿಸಬಹುದು. ನಾಲ್ಕನೆಯ ಕಾಲು ತೋರಿಸಿದರೆ ಸಾಕು. ಮೊಲವೇ ಪರೀಕ್ಷೆಗೆ ಬಂದಿದೆ ಎನ್ನುವವರಿಗೆ ಏನು ತೋರಿಸುವುದು?

ನಿರ್ದೇಶಕರ ನಗು ನಿಂತಿತ್ತು. "ಕನ್ನಡಕದ ಡಬ್ಬಿ ಇದೆ."

ಭಾವ ಲಕೋಟೆ ಒಡೆದು ಪಟ್ಟಿ ನೋಡಿದರು. "ಇಲ್ಲ ಸಾರ್."

"ಅದು ಮನೇಲಿರಬೇಕು. ಒಂದು ಕರವಸ್ತ್ರ?"

"ಇಲ್ಲ ಸಾರ್. ಆದೇಶ ಬಿಟ್ರೆ ಒಂದೇ ವಸ್ತು ಇದೆ."

ನಿರ್ದೇಶಕರ ಮುಖದ ಬಣ್ಣ ಬದಲಾಯಿತು. ಆ ಒಂದು ವಸ್ತು ಯಾವುದೆಂದು ಅವರಿಗೆ ನೆನಪಾಗಿತ್ತು. ಸುತ್ತ ನೋಡಿದರು. ಬೀಳ್ಕೊಡುಗೆಗೆ ಬಂದ ಅರವತ್ತು ಜನ ಟೀ ಲೋಟ ಹಿಡಿದುಕೊಂಡು ನಿಂತಿದ್ದರು.

"ಒಂದು... ಬಾಟಲಿ" ಎಂದರು.

"ಏನಿನ ಬಾಟಲಿ ಸಾರ್?"

"ಔಷಧಿ."

"ಔಷಧಿ ಅಲ್ಲ ಸಾರ್."

"ತಲೆಗೆ ಹಚ್ಚೋದು ಕಣ್ರೀ!"

"ಎಣ್ಣೆನಾ ಸಾರ್?"

"ಹೂಂ. ಎಣ್ಣೆ."

"ಎಣ್ಣೆ ಅಲ್ಲ ಸಾರ್" ಎಂದರು ಭಾವ, ಬಹಳ ವಿಷಾದದಿಂದ.

ಅರವತ್ತು ಜೊತೆ ಕಣ್ಣು ಒಟ್ಟಿಗೆ ಮೇಲೆದ್ದು ನಿರ್ದೇಶಕರ ಕಾಡಿಗೆಯಂಥ ಕೂದಲ ಮೇಲೆ ನಿಂತವು.

ನಾಲ್ಕು ಐವತ್ತಕ್ಕೆ ಅಕ್ಕ ಬೆಂಚಿನಿಂದ ಎದ್ದು ಬಂದಳು. "ರೀ, ನಿಮ್ಮ ದಮ್ಮಯ್ಯ ಅಂತೀನಿ. ಅವರ ಬ್ಯಾಗ್ ಅವರಿಗೆ ಕೊಟ್ಬಿಡಿ."

"ಸಾಲಿನಲ್ಲಿ ಬಾ" ಎಂದರು ಭಾವ.

ಅಕ್ಕ ಸಾಲಿನಲ್ಲಿ ನಿಂತಳು. ಅವಳ ಮುಂದೆ ಇದ್ದವರು ನಿರ್ದೇಶಕರೊಬ್ಬರೇ. ಅವರ ಹೆಗಲಾಚೆಯಿಂದ ಇಣುಕಿ ಮತ್ತೆ ಹೇಳಿದಳು, "ಅಡುಗೆಮನೆ ರೀ." ಅಷ್ಟೇ. ಹದಿನಾರು ವರ್ಷದಲ್ಲಿ ಅವಳು ಕೇಳಿದ್ದು ಅದೊಂದೇ.

ಭಾವ ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದರು. ಮುಖದಲ್ಲಿ ಎಂಥ ತೃಪ್ತಿ! ಇಬ್ಬರು ಒಟ್ಟಿಗೆ ಬೇಡುತ್ತಿದ್ದರು. ಅವರು ಇಬ್ಬರಿಗೂ ಕರಗುತ್ತಿರಲಿಲ್ಲ.

ಐದಕ್ಕೆ ಎರಡು ನಿಮಿಷವಿದ್ದಾಗ ನಿರ್ದೇಶಕರು ಕಿಟಕಿಯೊಳಗೆ ತಲೆ ತೂರಿಸಿ, ಪಿಸುದನಿಯಲ್ಲಿ, "ಬಣ್ಣ ಕಣ್ರೀ, ಕೂದಲಿನ ಬಣ್ಣ. ದಯವಿಟ್ಟು" ಎಂದರು.

"ಜೋರಾಗಿ ಹೇಳಿ ಸಾರ್. ರಿಜಿಸ್ಟರ್ ಬರೆಯೋರಿಗೆ ಕೇಳಿಸಬೇಕು."

ನನಗೆ ಕೇಳಿಸಿತ್ತು. ಬರೆದೂ ಆಗಿತ್ತು. "ಕೇಳಿಸ್ತು, ಕೇಳಿಸ್ತು!" ಎಂದು ಕೂಗಿದೆ. ಭಾವ ಪಟ್ಟಿ ನೋಡಿದರು, ನಿರ್ದೇಶಕರನ್ನು ನೋಡಿದರು. "ಕಪ್ಪಾ, ಕಂದಾ?" ಎಂದು ಕೇಳುವಷ್ಟರಲ್ಲಿ ಗಂಟೆ ಬಾರಿಸಿತು.

ಮುಖ್ಯಸ್ಥರು ನಿಯಮದಂತೆ ಬೀಗದ ಕೈಯನ್ನು ಎರಡನೇ ಕಿಟಕಿಯ ಮೇಡಂ ಕೈಯಲ್ಲಿಟ್ಟರು. ಮೇಡಂ ಮೊದಲನೇ ಕಿಟಕಿಗೆ ಬಂದು, ಭಾವನ ತೊಡೆಯ ಮೇಲಿದ್ದ ಬ್ಯಾಗ್ ತೆಗೆದುಕೊಂಡು, "ನಿಮ್ದೇ ಅಲ್ವಾ ಸಾರ್? ತಗೊಳ್ಳಿ" ಎಂದರು.

ನಿರ್ದೇಶಕರು ಭಾವನ ಸೇವಾ ಪುಸ್ತಕ ತರಿಸಿದರು. ಈ ಸಲ ಗಡಿಬಿಡಿ ಮಾಡಲಿಲ್ಲ. ಕುರ್ಚಿಯಲ್ಲಿ ಕೂತು, ಪದದ ಬಾಲದಿಂದ ಒಂದು ಬಾಣ ಎಳೆದು ಬಲಗಡೆಯ ಅಂಕಣದ ಎದೆಗೆ ನೆಟ್ಟರು.

"ಈಗ ಸ್ಪಷ್ಟವಾಯ್ತು ಸಾರ್" ಎಂದ ಗುಮಾಸ್ತ, ಸಂತೋಷದಿಂದ.

ದಾರಿಯುದ್ದಕ್ಕೂ ಭಾವ ಮಾತಾಡುತ್ತಲೇ ಇದ್ದರು. "ಪರೀಕ್ಷೆಯಲ್ಲಿ ಪಾಸಾದೆ. ಆದೇಶ ನಾಳೆ ಬರತ್ತೆ ನೋಡು. ದೊಡ್ಡೋರು ಸುಲಭವಾಗಿ ತೋರಿಸ್ಕೊಳ್ಳಲ್ಲ." ಅಕ್ಕ ಮನೆಗೆ ಬಂದು ಸೀರೆ ಬದಲಾಯಿಸಿ, ಗಂಟು ಬಿಚ್ಚಿ, ಪಾತ್ರೆಗಳನ್ನು ಒಂದೊಂದಾಗಿ ನಡುಹಾದಿಯಲ್ಲಿ ಜೋಡಿಸಿದಳು. ಮಹಡಿಗೆ ಹೋಗುತ್ತಿದ್ದವರು ದಾಟಿಕೊಂಡು ಹೋದರು. ಅವತ್ತು ಅವರು ಏನೂ ಕೇಳಲಿಲ್ಲ.

ಮಾರನೆಯ ದಿನ ಆದೇಶ ಬರಲಿಲ್ಲ. ವಾರವಾಯಿತು. ಅಕ್ಕನ ಬಾಯಿಂದ ಭಾವನಿಗೆ ಒಂದು ಮಾತೂ ಬರಲಿಲ್ಲ. ಹೊತ್ತಿಗೆ ಸರಿಯಾಗಿ ತಟ್ಟೆ ಬರುತ್ತಿತ್ತು, ಅಂಗಿ ಇಸ್ತ್ರಿಯಾಗುತ್ತಿತ್ತು, ಇರಬೇಕಾದ ಜಾಗದಲ್ಲಿ ಕರವಸ್ತ್ರ ಇರುತ್ತಿತ್ತು. ಮಾತು ಮಾತ್ರ ಇರುತ್ತಿರಲಿಲ್ಲ. ಎರಡನೆಯ ವಾರ ಭಾವ ತಪ್ಪಾಯಿತೆಂದರು. ಮೂರನೆಯ ವಾರ ಸ್ಟವ್ ಪಕ್ಕ ಕೂತು, ಪಾತ್ರೆ ದಾಟುವವರೆಲ್ಲರ ಮುಂದೆ ತಪ್ಪಾಯಿತೆಂದರು. ಟೈಲರ್ ಬಾಗಿಲು ತೆರೆದಿಟ್ಟುಕೊಂಡೇ ಹೊಲಿಯುತ್ತಿದ್ದ. ಅವನಿಗೆ ಅಷ್ಟು ಒಳ್ಳೆಯ ತಿಂಗಳು ಹಿಂದೆ ಸಿಕ್ಕಿರಲಿಲ್ಲ.

ನಲವತ್ತನೆಯ ದಿನ ಭಾವ ಮೇಷ್ಟ್ರ ಬಾಗಿಲು ತಟ್ಟಿದರು. ನಾನೂ ಜೊತೆಗಿದ್ದೆ. ಅವರ ಕಣ್ಣು ಗುಳಿ ಬಿದ್ದಿತ್ತು.

"ಮೇಷ್ಟ್ರೇ, ಆ ಪದದ ವಿಚಾರ. ಎಷ್ಟು ದಿನ ಇರತ್ತೆ ಅಂತ ಏನಾದ್ರೂ ಕೊಟ್ಟಿದಾರಾ?"

ಮೇಷ್ಟ್ರು ನಿಘಂಟಿನ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದರು. ಏಳಲಿಲ್ಲ. "ಹುಟ್ಟಿದ್ದೆಲ್ಲಿ ಅಂತ ಇದೆ ಸ್ವಾಮಿ. ಮುಗಿಯೋದು ಯಾವಾಗ ಅಂತ ಇದರಲ್ಲಿ ಬರೆದಿಲ್ಲ" ಎಂದು ದಾರ ಬಿಗಿದುಕೊಂಡರು.

ಭಾವ ಮೇಲೆ ಹತ್ತಿ ಬಂದರು. ಅಕ್ಕ ಸ್ಟವ್ ಮುಂದೆ ಕೂತಿದ್ದಳು. ಭಾವ ಕೈಮುಗಿದುಕೊಂಡು ನಿಂತರು. ಅವಳು ಅವರು ದಾಟಲು ದಾರಿಯಾಗಲೆಂದು ಒಂದು ಪಾತ್ರೆಯನ್ನು ಗೋಡೆಯ ಕಡೆಗೆ ಸರಿಸಿದಳು.